ಎರಡು ಕೈ ಹಾಕಿದ ಹೊಲಿಗೆ

ಗಂಟನ್ನು ಇಳಿಸುವ ಮೊದಲು ಮೇಜು ಒರೆಸಬೇಕು, ಬಿಳಿ ಕಾಗದ ಹಾಸಬೇಕು, ಬಳೆ ಉಂಗುರ ತೆಗೆದಿಡಬೇಕು, ಕೈ ತೊಳೆದು ಕೈಗವಸು ಹಾಕಬೇಕು. ಹಳೆಯ ಬಟ್ಟೆಗಳನ್ನು ಪರೀಕ್ಷಿಸಿ, ಅಗತ್ಯವಿದ್ದಷ್ಟು ದುರಸ್ತಿ ಮಾಡಿ, ಪ್ರಯಾಣಕ್ಕೆ ಸಿದ್ಧಪಡಿಸುವುದು ನನ್ನ ಕೆಲಸ. ಕ್ರೈಸ್ತ ಸನ್ಯಾಸಿನಿಯರ ಹಾಸ್ಟೆಲ್ಲಿನಲ್ಲಿ ಗಂಟೆ ಹೊಡೆದ ಕೂಡಲೇ ಎದ್ದು, ಗಂಟೆ ಹೊಡೆದ ಕೂಡಲೇ ಸೂಜಿ ಹಿಡಿದು ಬೆಳೆದವಳಿಗೆ ಈ ಕ್ರಮ ಭಾರವೆನಿಸಿದ್ದಿಲ್ಲ.

"ಅಕ್ಕಾರ, ನೀವು ಕೈ ತೊಳ್ಯೂದು ನೋಡಿದ್ರ ನಮ್ಮ ಮಠದ ಅಜ್ಜಾರೂ ನಾಚ್ಕೋಬೇಕ್ರಿ" ಎಂದ ಪೆಟ್ಟಿಗೆ ಕಟ್ಟುವವನು. ಹುಬ್ಬಳ್ಳಿಯವನು, ನಲವತ್ತು ದಾಟಿದವನು. ಸಿಡ್ನಿಯ ಟೂಂಗಾಬಿಯಲ್ಲಿ ನನ್ನ ಮನೆಯಿಂದ ಎರಡು ಬೀದಿ ಆಚೆ ಇದ್ದಾನೆ. ನಗರದ ಪಶ್ಚಿಮಕ್ಕೆ ನಾವು ಕೆಲಸ ಮಾಡುವ ಗೋದಾಮಿನಲ್ಲಿ ಮರದ ಪೆಟ್ಟಿಗೆ ಮಾಡುವುದು, ಅದನ್ನು ಲಾರಿಯಲ್ಲಿ ಸಾಗಿಸುವುದು ಎರಡೂ ಅವನದೇ.

"ನಿನ್ನ ಹಾಗೆ ಪ್ಯಾಂಟಿಗೆ ಒರೆಸ್ಕೊಂಡ್ರೆ ಆಗುತ್ತಾ? ಆ ಕಡೆ ಹಿಡಿ. ಎತ್ತು."

ಎತ್ತಿದ. ನಗು ನಿಲ್ಲಿಸಿ ನನ್ನ ಮುಖ ನೋಡಿದ.

"ಹತ್ತಿ ಹಿಂಗ ತೂಗೂದಿಲ್ರಿ."

ನನಗೂ ಹಾಗೇ ಅನ್ನಿಸಿತು. ಆದರೆ ಜೊತೆಗೆ ಬಂದ ಕಾಗದದಲ್ಲಿ ಸ್ಪಷ್ಟವಾಗಿತ್ತು: ಇಂಕಾ ಕಾಲದ ಬಟ್ಟೆಯ ಗಂಟು, ಒಳಗೆ ಹತ್ತಿ, ಮಾನವ ಅವಶೇಷವಿಲ್ಲ. ಸಿಡ್ನಿಯ ಒಂದು ಕುಟುಂಬದ ಹಿರಿಯರೊಬ್ಬರು ಗಣಿ ಕೆಲಸಕ್ಕೆಂದು ಪೆರುವಿಗೆ ಹೋಗಿದ್ದಾಗ ಕರಾವಳಿಯ ಮರುಭೂಮಿಯಿಂದ ತಂದದ್ದಂತೆ. ಮೆಲ್ಬರ್ನಿನಲ್ಲಿ ಇಂಕಾ ನಾಗರಿಕತೆಯ ದೊಡ್ಡ ಪ್ರದರ್ಶನವೊಂದು ತೆರೆಯಲಿತ್ತು. ಅದಕ್ಕೆ ಈ ಮನೆಯವರು ಗಂಟನ್ನು ಎರವಲು ಕೊಟ್ಟಿದ್ದರು.

ಗಂಟು ನನ್ನ ಮೊಣಕಾಲೆತ್ತರಕ್ಕಿತ್ತು. ಕೆಳಗೆ ಅಗಲ, ಮೇಲಕ್ಕೆ ಕಿರಿದು. ತುದಿಯಲ್ಲಿ ಹತ್ತಿ ತುಂಬಿ ಮಾಡಿದ ಬಟ್ಟೆಯ ತಲೆ, ಅದಕ್ಕೆ ಚಿಪ್ಪಿನ ಎರಡು ಕಣ್ಣು. ಒಂದು ಕಣ್ಣು ಸ್ವಲ್ಪ ಸಡಿಲವಾಗಿ ಓರೆಯಾಗಿದ್ದರಿಂದ ಮೇಜಿನ ಯಾವ ಬದಿಗೆ ಹೋದರೂ ನಮ್ಮ ಕಡೆಗೇ ತಿರುಗಿದಂತೆ ಕಾಣುತ್ತಿತ್ತು.

ಭೂತಗನ್ನಡಿ ಹಿಡಿದು ಬೆನ್ನಿನ ಹೊಲಿಗೆಯನ್ನು ಕೆಳಗಿನಿಂದ ನೋಡುತ್ತಾ ಬಂದೆ. ಸಣ್ಣ, ಸಮನಾದ ಹೊಲಿಗೆ. ನಮ್ಮ ಹಾಸ್ಟೆಲ್ಲಿನ ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು. ಅರ್ಧ ದಾಟಿದ ಮೇಲೆ ಅದು ತಟ್ಟನೆ ಬದಲಾಗಿತ್ತು. ಉದ್ದುದ್ದ, ಓರೆ ಓರೆ ಹೊಲಿಗೆ. ದಾರವೂ ಬೇರೆ. ಮೊದಲಿನದನ್ನು ಬಲಕ್ಕೆ ಹುರಿ ಮಾಡಿದ್ದರೆ ಇದನ್ನು ಎಡಕ್ಕೆ. ಒಬ್ಬರ ಕೈ ಅರ್ಧಕ್ಕೆ ನಿಂತಿತ್ತು. ಇನ್ನೊಬ್ಬರ ಕೈ ಮುಗಿಸಿತ್ತು. ಗಮನಿಸಿದ್ದನ್ನು ವರದಿಯಲ್ಲಿ ಬರೆದೆ. ಬರೆದ ಮೇಲೆ ಮರೆಯುವುದು ನನ್ನ ಪದ್ಧತಿ. ಇದು ಮರೆಯಲಿಲ್ಲ.

ಪ್ರದರ್ಶನದ ಹೊಣೆ ಹೊತ್ತ ಕ್ಯುರೇಟರ್ ಮೆಲ್ಬರ್ನಿನಲ್ಲಿದ್ದಳು. ವಿಷಯ ಬಲ್ಲವಳು, ವೀಡಿಯೊ ಕರೆಯಲ್ಲಿ ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರಿಸುವಳು. ಇಂಕಾ ಜನರ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದು ಅವಳಿಂದ. ಅವರ ರಾಜ್ಯದಲ್ಲಿ ಮನೆಗಳನ್ನು ಹತ್ತರ, ನೂರರ, ಸಾವಿರದ ಗುಂಪು ಮಾಡಿ ಪ್ರತಿ ಗುಂಪಿಗೂ ಒಬ್ಬ ಹೊಣೆಗಾರನನ್ನು ಇಡುತ್ತಿದ್ದರಂತೆ. ತೆರಿಗೆ ಎಂದರೆ ಹಣವಲ್ಲ, ಕೆಲಸ. ಹೊಲದಲ್ಲಿ, ರಸ್ತೆಯಲ್ಲಿ, ಮಗ್ಗದ ಮುಂದೆ ಸರದಿಯ ಕೆಲಸ. ಚಕ್ರದ ಗಾಡಿಯಿಲ್ಲ, ಕುದುರೆಯಿಲ್ಲ, ನಮ್ಮಂಥ ಲಿಪಿಯಿಲ್ಲ. ಆದರೂ ಪರ್ವತದ ಉದ್ದಕ್ಕೂ ರಸ್ತೆ, ಕಮರಿಯ ಮೇಲೆ ಹುಲ್ಲು ಹೊಸೆದು ಕಟ್ಟಿದ ತೂಗುಸೇತುವೆ, ಗಾರೆಯಿಲ್ಲದೆ ಕೂಡಿಸಿದ ಕಲ್ಲಿನ ಗೋಡೆ, ಬೆಟ್ಟದ ಓರೆಯಲ್ಲಿ ಸಾಲು ಉಗ್ರಾಣ. ಉಗ್ರಾಣದಲ್ಲಿ ಮೆಕ್ಕೆಜೋಳ, ಒಣಗಿಸಿದ ಆಲೂಗಡ್ಡೆ, ಬಟ್ಟೆ. ಅವರಿಗೆ ಬಟ್ಟೆ ಚಿನ್ನಕ್ಕಿಂತ ಮೇಲು. ಸೈನ್ಯ ಹಿಮ್ಮೆಟ್ಟುವಾಗ ಶತ್ರುವಿನ ಕೈಗೆ ಸಿಗಬಾರದೆಂದು ಬಟ್ಟೆಯ ಉಗ್ರಾಣಕ್ಕೇ ಬೆಂಕಿ ಇಡುತ್ತಿದ್ದರಂತೆ.

ಇದನ್ನು ಕೇಳುವಾಗ ನನಗೆ ಆ ರಾಜ್ಯದ ಮೇಲೆ ಒಂದು ಬಗೆಯ ಸಲಿಗೆ ಹುಟ್ಟಿತು. ಎಲ್ಲಕ್ಕೂ ಜಾಗ, ಎಲ್ಲರಿಗೂ ಸರದಿ. ಅಲ್ಲಿ ನನಗೂ ಒಂದು ಕೆಲಸ ಸಿಗುತ್ತಿತ್ತು.

"ಸಲಿಗೆ ಅಷ್ಟು ಬೇಡ. ಆ ಕ್ರಮಕ್ಕೆ ಸಿಕ್ಕ ಜನರನ್ನು ಊರಿಂದ ಊರಿಗೆ ಕಿತ್ತು ನೆಡುತ್ತಿದ್ದರು. ಪರ್ವತಕ್ಕೆ ಮಕ್ಕಳನ್ನೂ ಬಲಿ ಕೊಡುತ್ತಿದ್ದರು" ಎಂದಳು ಕ್ಯುರೇಟರ್.

ಸತ್ತ ಅರಸರ ವಿಷಯವನ್ನೂ ಅವಳೇ ಹೇಳಿದ್ದು. ಅವರನ್ನು ಹೂಳುತ್ತಿರಲಿಲ್ಲ. ಒಣಗಿಸಿ, ಒಳ್ಳೆಯ ಬಟ್ಟೆ ಉಡಿಸಿ ಅರಮನೆಯಲ್ಲೇ ಕೂರಿಸುತ್ತಿದ್ದರು. ಅವರ ಭೂಮಿ, ಆಳುಕಾಳು ಅವರದಾಗಿಯೇ ಉಳಿಯುತ್ತಿತ್ತು. ಹೊಸ ಅರಸನಿಗೆ ಪಟ್ಟ ಸಿಗುತ್ತಿತ್ತು, ಆಸ್ತಿ ಅಲ್ಲ. ಹಬ್ಬದಂದು ಸತ್ತವರನ್ನು ಚೌಕಕ್ಕೆ ಹೊತ್ತು ತಂದು ಊಟ ಇಟ್ಟು, ಮೆಕ್ಕೆಜೋಳದ ಮದ್ಯ ಎರೆಯುತ್ತಿದ್ದರು. ಒಬ್ಬರ ಮನೆಯ ಸತ್ತವರು ಇನ್ನೊಬ್ಬರ ಮನೆಯ ಸತ್ತವರನ್ನು ನೋಡಲು ಹೋಗುವುದೂ ಇತ್ತು.

ಆಮೇಲೆ ಸಿಡುಬು ಬಂತೆಂದು ಹಲವರು ಹೇಳುತ್ತಾರೆ. ಸ್ಪೇನಿನವರಿಗಿಂತ ಮುಂಚೆ ಅವರ ರೋಗ ಅದೇ ಒಳ್ಳೆಯ ರಸ್ತೆಗಳಲ್ಲಿ ಬಂತು. ಅರಸ ಸತ್ತ, ಮಕ್ಕಳಿಬ್ಬರು ಪಟ್ಟಕ್ಕಾಗಿ ಹೊಡೆದಾಡಿದರು. ಗೆದ್ದವನು ಇನ್ನೂ ರಾಜಧಾನಿ ಮುಟ್ಟಿರಲಿಲ್ಲ. ಅಷ್ಟರಲ್ಲಿ ಇನ್ನೂರೂ ಇಲ್ಲದ ಸ್ಪೇನಿನ ಸೈನಿಕರು ಅವನನ್ನು ಮಾತಿಗೆ ಕರೆದು ಸೆರೆಹಿಡಿದರು, ಕೋಣೆ ತುಂಬ ಚಿನ್ನ ತರಿಸಿಕೊಂಡು ಕೊಂದರು. ಕಡೆಗೆ ಸತ್ತ ಅರಸರನ್ನೂ ಹುಡುಕಿ ಹಿಡಿದರು.

ತೂಕ ನನ್ನ ಮನಸ್ಸಿನಲ್ಲಿ ಕೂತಿದ್ದರಿಂದ ಎಕ್ಸ್‌ರೇ ಕೇಳಿದೆ. ಗೋದಾಮಿಗೇ ಯಂತ್ರ ತಂದು ತೆಗೆದರು. ತಂತ್ರಜ್ಞ ಪರದೆಯನ್ನು ನನ್ನ ಕಡೆ ತಿರುಗಿಸಿದ.

ಮಗು. ಮಂಡಿ ಎದೆಗೆ ತಾಗಿತ್ತು, ಎರಡೂ ಅಂಗೈ ಕೆನ್ನೆಯ ಮೇಲಿತ್ತು. ತೊಡೆಯ ಪಕ್ಕ ನೂಲುವ ಕದಿರಿನಂಥ ಸಣ್ಣ ಕಡ್ಡಿ, ಭುಜದ ಬಳಿ ಅಲ್ಲಿನ ಹೆಣ್ಣುಮಕ್ಕಳು ಹೊದಿಕೆಗೆ ಸಿಕ್ಕಿಸುತ್ತಿದ್ದಂಥ ಲೋಹದ ಪಿನ್ನು. ಬಟ್ಟೆಯ ತಲೆಯ ಕೆಳಗೆ, ಎದೆಯೆಂದು ನಾನು ಅಳತೆ ತೆಗೆದುಕೊಂಡಿದ್ದ ಜಾಗದಲ್ಲಿ, ನಿಜವಾದ ತಲೆ.

"ಯವ್ವಾ, ಕೂಸು" ಎಂದ ಹುಬ್ಬಳ್ಳಿಯವನು. ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಅಂದಿನಿಂದ ಕೋಣೆ ಬದಲಾಯಿತು. ನಾನು ದೆವ್ವ ನಂಬುವವಳಲ್ಲ. ಆದರೂ ಬಾಗಿಲನ್ನು ಕಾಲಿನಿಂದ ಮುಚ್ಚುವುದನ್ನು ಬಿಟ್ಟೆ. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಿದ್ದೆ. ಮನೆಯಲ್ಲಿ ಕುಕ್ಕರ್ ಇಟ್ಟು ನಿಂತಾಗ ಆ ಹೊಲಿಗೆ ಕಣ್ಣಮುಂದೆ ಬರುತ್ತಿತ್ತು. ಸೂಜಿ ಬಟ್ಟೆಯಲ್ಲಿ ಸಿಕ್ಕಿಸಿದ್ದಂತೆಯೇ ಮೊದಲ ಕೈ ಎಲ್ಲಿಗೆ ಎದ್ದುಹೋಯಿತು? ನೀರಿಗೋ, ಜ್ವರ ಬಂದೋ? ಎಲ್ಲ ಮನೆಗಳನ್ನೂ ಎಣಿಸಿಟ್ಟ ರಾಜ್ಯದಲ್ಲಿ ಆ ಮನೆ ಯಾವ ಹತ್ತರ ಗುಂಪಿನಲ್ಲಿತ್ತು? ಉತ್ತರ ಸಿಗದ ಪ್ರಶ್ನೆ ಕೇಳಿಕೊಳ್ಳುವುದು ನನ್ನ ಸ್ವಭಾವವಲ್ಲ. ಆದರೂ ಕೇಳಿಕೊಳ್ಳುತ್ತಿದ್ದೆ.

ಕ್ಯುರೇಟರ್ ಎಕ್ಸ್‌ರೇ ನೋಡಿ ಬೇರೆಯದೇ ಕಂಡಳು. ಮಗುವಿಗೆ ಸುತ್ತಿದ ಒಳಬಟ್ಟೆಯಲ್ಲಿ ಸಾಲಾಗಿ ಲೋಹದ ಬಿಲ್ಲೆಗಳಿದ್ದವು. ಕುಂಬಿ ಎಂಬ ಅತಿ ನುಣುಪಿನ ಬಟ್ಟೆ ಇರಬಹುದು, ರಾಜಮನೆತನಕ್ಕೆಂದೇ ನೇಯುತ್ತಿದ್ದದ್ದು, ಎಂದಳು. ಬೆನ್ನಿನ ಹೊಲಿಗೆ ಕತ್ತರಿಸಿ ಒಳಬಟ್ಟೆ ಹೊರತೆಗೆದರೆ ಪ್ರದರ್ಶನದ ಮುಖ್ಯ ಕೋಣೆಗೆ ಅದೇ ಸಾಕು. ಮಗುವನ್ನು ಗೌರವದಿಂದ ಪ್ರತ್ಯೇಕ ಇಡೋಣ. ಮಾಲೀಕರು ಒಪ್ಪಿದ್ದಾರೆ. ಉದ್ಘಾಟನೆಯ ತನಕ ವಿಷಯ ಹೊರಗೆ ಹೋಗಬಾರದು.

"ಕತ್ತರಿಸುವುದು ನೀವೇ ಆಗಬೇಕು. ನಿಮ್ಮಷ್ಟು ನಿಧಾನವಾದ ಕೈ ಇಲ್ಲಿ ಯಾರಿಗೂ ಇಲ್ಲ" ಎಂದಳು.

ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಹೊಲಿಗೆ ಬಿಚ್ಚಿ ಒಳಗಿನದನ್ನು ತಿಳಿಯುವುದು ನನ್ನ ವೃತ್ತಿಯಲ್ಲಿ ತಪ್ಪಲ್ಲ. ಎಷ್ಟೋ ಬಾರಿ ಮಾಡಿದ್ದೇನೆ. ಸಣ್ಣ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡೇ ಮೆಲ್ಬರ್ನಿಗೆ ಹೊರಟೆ.

ಪೆಟ್ಟಿಗೆಯ ಜೊತೆ ಲಾರಿಯಲ್ಲೇ ಹೋಗುವುದು ನಿಯಮ. ಮೆತ್ತನೆಯ ಫೋಮನ್ನು ಗಂಟಿನ ಆಕಾರಕ್ಕೆ ಕೊರೆದು, ಅಲುಗದಂತೆ ಕೂರಿಸಿ, ಪಟ್ಟಿ ಬಿಗಿದು, ಬಾಗಿಲಿಗೆ ಸೀಲ್ ಹಾಕಿದೆವು. ದಾರಿಯಲ್ಲಿ ಹುಬ್ಬಳ್ಳಿಯವನು ಅಂದಿನಷ್ಟು ನಿಧಾನವಾಗಿ ಎಂದೂ ಗಾಡಿ ಓಡಿಸಿದವನಲ್ಲ. ಗುಂಡಗೈ ಎಂಬ ಊರು ದಾಟಿದ ಮೇಲೆ ಮಗಳಿಗೆ ಫೋನ್ ಮಾಡಿದ.

"ಊಟ ಆತೇನವಾ?"

"ಹ್ಯಾಡ್ ಪಾಸ್ತಾ, ಅಪ್ಪಾ. ವೈ ಆರ್ ಯು ವಿಸ್ಪರಿಂಗ್?"

"ಹಿಂದ ಒಬ್ರು ಮಲಗ್ಯಾರವಾ" ಎಂದು ಫೋನ್ ಇಟ್ಟ.

ನಾನು ಕಿಟಕಿಯ ಹೊರಗೆ ನೋಡಿದೆ.

ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಆಚೆಯ ಗೋದಾಮಿನಲ್ಲಿ ಸೀಲ್ ಒಡೆದು ಬಾಗಿಲು ತೆರೆದಾಗ, ಅಲ್ಲಿನ ದಾಖಲಾತಿ ಅಧಿಕಾರಿ ಟಾರ್ಚು ಹಾಕಿ ನೆಲ ನೋಡಿದರು. ಪೆಟ್ಟಿಗೆಯ ಸುತ್ತ ಬೆಳ್ಳಗೆ ಏನೋ ಚೆಲ್ಲಿತ್ತು. ಬಗ್ಗಿ ಹೆಕ್ಕಿದರು. ಮಂಡಕ್ಕಿ. ಅದರ ನಡುವೆ ಒಂದು ಕಂದು ಹುಳ ಹರಿದಾಡುತ್ತಿತ್ತು.

ನಮ್ಮ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ದೃಶ್ಯವಿಲ್ಲ. ಕಾಳಿನ ಹುಳ ಬಟ್ಟೆ ತಿನ್ನದಿರಬಹುದು. ಆದರೆ ಜೀವಂತ ಹುಳ ಕಂಡ ಲಾರಿಯಿಂದ ಇಳಿದದ್ದನ್ನು ಶುದ್ಧಿ ಮಾಡದೆ ಪ್ರದರ್ಶನದ ಕಟ್ಟಡಕ್ಕೆ ಯಾರೂ ಸೇರಿಸುವುದಿಲ್ಲ. ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೇರೆ ಕೋಣೆಗೆ ತಳ್ಳಿದರು.

ಹುಬ್ಬಳ್ಳಿಯವನನ್ನು ಗೋಡೆಯ ಪಕ್ಕ ಕರೆದೆ. "ಏನಯ್ಯಾ ಇದು? ಗಾಡಿ ಒಳಗೆ ತಿಂಡಿ ತಿಂದ್ಯಾ?"

"ತಿಂದಿಲ್ರಿ. ತೂರೀನಿ."

"ಏನು?"

"ಸತ್ತ ಕೂಸಿನ್ನ ಹಂಗ ಬರಿಗೈಲೆ ಒಯ್ಯಾಕ ಬರ್ತದೇನ್ರಿ? ನಮ್ಮ ಕಡೆ ಚುರಮರಿ ತೂರಕೋತನ ಒಯ್ತಾರ. ರಸ್ತೆಕ ತೂರಿದ್ರ ಇಲ್ಲಿ ಫೈನ್ ಹಾಕ್ತಾರಂತ ಹೇಳಿ ಒಳಗ ಒಂದ್ ಮುಷ್ಟಿ ತೂರಿ ಬಾಗಲಾ ಹಾಕೀನ್ರಿ."

"ನನ್ನ ಕೇಳ್ಬಾರ್ದಿತ್ತಾ?"

"ಕೇಳಿದ್ರ ನೀವ್ ಹೂಂ ಅಂತಿದ್ರೇನು?"

ಅನ್ನುತ್ತಿರಲಿಲ್ಲ. ಬೈಯಲು ಬಾಯಿ ತೆರೆದೆ. ಅವನ ಕಣ್ಣು ತುಂಬಿದ್ದು ಕಂಡು, ಬೈಗುಳವನ್ನು ಚಿಕ್ಕದು ಮಾಡಿ ಮುಗಿಸಿದೆ. "ಮಂಡಕ್ಕಿ ತೂರೋನು ಹುಳ ಇಲ್ಲದ್ದನ್ನಾದರೂ ನೋಡಿ ಕೊಂಡ್ಕೋಬಾರ್ದೇನೋ."

ಸಂಜೆ ಎಲ್ಲರೂ ಕೂತೆವು. ಅಲ್ಲಿನ ಪದ್ಧತಿಯಂತೆ ಫ್ರೀಜರಿಗೆ ಹಾಕುವ ಮಾತು ಬಂತು. ನಾನು ಒಪ್ಪಲಿಲ್ಲ. ಬಟ್ಟೆ, ಹತ್ತಿ, ಮೂಳೆ, ಕೂದಲು, ಒಣಗಿದ ಚರ್ಮ ಕಡುಚಳಿಯಲ್ಲಿ ಒಂದೊಂದೂ ಒಂದೊಂದು ಬಗೆಯಲ್ಲಿ ಕುಗ್ಗುತ್ತವೆ. ಬಿಗಿಯಾಗಿ ಸುತ್ತಿದ ಗಂಟು ಒಳಗೊಳಗೇ ಸೀಳಬಹುದು. ಇನ್ನೊಂದು ದಾರಿ, ಗಾಳಿಯಾಡದ ಚೀಲದಲ್ಲಿಟ್ಟು ನೈಟ್ರೋಜನ್ ತುಂಬುವುದು. ಉಸಿರಿಲ್ಲದೆ ಹುಳ ಸಾಯುತ್ತದೆ, ಗಂಟಿಗೆ ತೊಂದರೆಯಿಲ್ಲ. ಆದರೆ ಅದಕ್ಕೆ ವಾರಗಳು ಬೇಕು, ಉದ್ಘಾಟನೆ ಅಷ್ಟು ಕಾಯುವುದಿಲ್ಲ.

ಕ್ಯುರೇಟರ್ ದಣಿದಿದ್ದಳು. "ಹಾಗಾದರೆ ನಾಳೆಯೇ ಬಿಚ್ಚಿಬಿಡೋಣ. ಒಳಬಟ್ಟೆಯನ್ನು ಫ್ರೀಜರಿಗೆ ಹಾಕೋಣ, ಅದು ತಡೆಯುತ್ತದೆ. ಮಗು ನೈಟ್ರೋಜನ್ನಿನಲ್ಲಿರಲಿ. ಬಟ್ಟೆ ಉದ್ಘಾಟನೆಗೆ ಸಿಗುತ್ತದೆ."

ಲೆಕ್ಕ ಸರಿಯಾಗಿಯೇ ಇತ್ತು. ತಾಂತ್ರಿಕವಾಗಿ ನಾನೂ ಅದನ್ನೇ ಸೂಚಿಸಬಹುದಿತ್ತು. ಮೂಲ ಸುತ್ತುಬಟ್ಟೆಯಿಂದ ಮಗುವನ್ನು ಬೇರ್ಪಡಿಸುವ ಆ ಕೆಲಸಕ್ಕೆ ಮರುದಿನ ಬೆಳಿಗ್ಗೆ ಎಂದು ಹೊತ್ತು ಗೊತ್ತಾಯಿತು.

ನಗರದ ಅಂಚಿನ ಕ್ರೇಗಿಬರ್ನಿನಲ್ಲಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡಿದ್ದೆ. ರೈಲಿನಲ್ಲಿ ಕೂತು ಯೋಚಿಸಿದೆ. ಇಂಕಾ ರಾಜಧಾನಿಯಾಗಿದ್ದ ಕುಜ್ಕೊ ಕಡೆಯ ಒಬ್ಬ ವಯಸ್ಸಾದ ನೇಕಾರ ಹೆಂಗಸು ಮೆಲ್ಬರ್ನಿನಲ್ಲಿ ನೆಲೆಸಿದ್ದಳು. ಸಂದರ್ಶಕರಿಗೆ ಮಗ್ಗ ತೋರಿಸಲು ಪ್ರದರ್ಶನದವರು ಅವಳನ್ನು ಕರೆದಿದ್ದರು. ನೂಲಿನ ಬಗ್ಗೆ ಕೇಳಲು ಅವಳ ನಂಬರನ್ನು ನನಗೆ ಕೊಟ್ಟಿದ್ದರು. ಮಗುವಿನ ವಿಷಯ ಮಾತ್ರ ಅವಳಿಗೆ ಹೇಳಿರಲಿಲ್ಲ. ನಾನು ಸಹಿ ಹಾಕಿದ ಒಪ್ಪಂದದಲ್ಲಿ ಹೊರಗಿನವರಿಗೆ ಏನೂ ತಿಳಿಸಬಾರದೆಂದಿತ್ತು. ಆ ಹೆಂಗಸು ಹೊರಗಿನವಳು, ನಾನು ಒಳಗಿನವಳು! ಟೂಂಗಾಬಿಯಿಂದ ಬಂದ ನಾನು.

ನಿಯಮ ಮುರಿಯುವವರನ್ನು ಜೀವಮಾನವಿಡೀ ತಿದ್ದಿದವಳು ನಾನು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅವಳಿಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಕೊನೆಗೆ ಅವಳು ಒಂದೇ ಪ್ರಶ್ನೆ ಕೇಳಿದಳು.

"ಈಗ ಅವಳ ಜೊತೆ ಯಾರಿದ್ದಾರೆ?"

"ಯಾರೂ ಇಲ್ಲ. ಬೀಗ ಹಾಕಿದೆ" ಎಂದೆ. ಹೇಳಿದ ಮೇಲೆ ನನ್ನ ಕಿವಿಗೇ ಆ ಮಾತು ಸರಿಯೆನಿಸಲಿಲ್ಲ.

ಬೆಳಿಗ್ಗೆ ನಾನು ತಲುಪುವ ಮುಂಚೆಯೇ ಅವಳು ಬಾಗಿಲಲ್ಲಿದ್ದಳು. ಗಿಡ್ಡ ಮೈಕಟ್ಟು, ಎರಡು ಜಡೆ, ಕಾಲಿಗೆ ಸ್ಪೋರ್ಟ್ಸ್ ಶೂ. ಕ್ಯುರೇಟರ್ ಬಂದು ಅವಳನ್ನು ನೋಡಿದಳು, ಆಮೇಲೆ ನನ್ನನ್ನು. ಅವಳ ಮುಖ ಕೆಂಪಾಯಿತು.

"ಒಪ್ಪಂದ ಓದಿದ್ದೀರಲ್ಲ?"

"ಓದಿದ್ದೇನೆ. ಕತ್ತರಿ ಹಿಡಿಯುವವಳು ನಾನು. ಹಿಡಿಯುವ ಮೊದಲು ಕೇಳಬೇಕಾದವರನ್ನು ಕೇಳಿದೆ."

ಕ್ಯುರೇಟರ್ ಕೆಟ್ಟವಳಲ್ಲ. ತಾನೇ ಕಾರ್ಡು ಒತ್ತಿ ಬಾಗಿಲು ತೆರೆದಳು.

ಪೆಟ್ಟಿಗೆಯ ಒಂದು ಬದಿ ಬಿಚ್ಚಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದ್ದರು; ಅದರಾಚೆ ಗಂಟು ಬೆನ್ನು ಮಾಡಿ ಕೂತಿತ್ತು. ನೇಕಾರ ಹೆಂಗಸು ಮುಟ್ಟಲಿಲ್ಲ. ಹೊಲಿಗೆಯ ಉದ್ದಕ್ಕೂ ಗಾಳಿಯಲ್ಲೇ ಬೆರಳು ಸರಿಸುತ್ತಾ ಬಂದಳು. ಬದಲಾದ ಕಡೆ ಬೆರಳು ನಿಂತಿತು. ಇಷ್ಟು ದಿನ ನನ್ನನ್ನು ಕಾಡಿದ್ದಕ್ಕೆ ಇವಳ ಬಳಿ ಉತ್ತರವಿರಬಹುದೆಂದು ಆಸೆಯಾಯಿತು.

"ಯಾರು ಇವರಿಬ್ಬರು? ತಾಯಿಯೇ? ಅಜ್ಜಿಯೇ?" ಎಂದು ಕೇಳಿದೆ.

"ನನಗೆ ಹೇಗೆ ಗೊತ್ತಾಗುತ್ತದೆ?" ಎಂದಳು, ಸಿಡುಕಿನಿಂದಲ್ಲ. "ಒಬ್ಬಳಿಗೆ ಆಗಲಿಲ್ಲ. ಇನ್ನೊಬ್ಬಳು ಬಂದು ಮುಗಿಸಿದಳು. ಚೆನ್ನಾಗಿ ಹೊಲಿಯಲು ಬರುತ್ತಿರಲಿಲ್ಲ, ಆದರೂ ಮುಗಿಸಿದಳು. ಮೂರನೆಯ ಕೈ ಬೇಡ."

ಕ್ಯುರೇಟರ್ ಹೊಲಿಗೆಯನ್ನೇ ನೋಡುತ್ತಿದ್ದಳು. ಅವಳು ಅದನ್ನು ಫೋಟೋದಲ್ಲಿ ಬಿಟ್ಟರೆ ಕಣ್ಣಾರೆ ನೋಡಿದ್ದು ಅದೇ ಮೊದಲು.

ಗಂಟನ್ನು ಬಿಚ್ಚಬಾರದು, ಚಳಿಗೆ ಒಡ್ಡಬಾರದು, ಇಡಿಯಾಗಿಯೇ ನೈಟ್ರೋಜನ್ನಿನಲ್ಲಿಡಬೇಕು ಎಂದು ಅಂದೇ ವರದಿ ಬರೆದು ಸಹಿ ಹಾಕಿದೆ. ನನ್ನ ಸಹಿಯಿಲ್ಲದೆ ಗಂಟಿನ ವಿಮೆ ಸಿಂಧುವಾಗುತ್ತಿರಲಿಲ್ಲ. ಆದ್ದರಿಂದ ಅದನ್ನು ಮೀರಲು ಯಾರಿಗೂ ಧೈರ್ಯವಾಗಲಿಲ್ಲ. ಮಾಲೀಕರ ಮನೆಯ ಮಗಳ ಜೊತೆ ನೇಕಾರ ಹೆಂಗಸು ತಾನೇ ಮಾತಾಡಿದಳು. ಏನು ಮಾತಾಡಿದಳೋ ತಿಳಿಯದು. ಮಗುವನ್ನು ಪೆರುವಿಗೆ ಹಿಂದಿರುಗಿಸುತ್ತೇವೆಂದು ಮನೆಯವರು ಬರೆದು ಕಳಿಸಿದರು. ಪ್ರದರ್ಶನ ಮುಖ್ಯ ಕೋಣೆಯಲ್ಲಿ ಒಂದು ಖಾಲಿ ಗಾಜಿನ ಪೆಟ್ಟಿಗೆಯೊಂದಿಗೆ ತೆರೆಯಿತು. ಖಾಲಿ ಬಿಟ್ಟದ್ದು ಕ್ಯುರೇಟರಳ ತೀರ್ಮಾನ. ನನ್ನ ಒಪ್ಪಂದವನ್ನು ಆ ಸಂಸ್ಥೆ ಮುಂದುವರಿಸಲಿಲ್ಲ, ಮುಂದುವರಿಸಬೇಕೆಂದು ನಾನೂ ಕೇಳಲಿಲ್ಲ. ಈ ಕೆಲಸ ಮುಗಿಸಿಕೊಡಲು ಮಾತ್ರ ಅನುಮತಿ ಪಡೆದೆ.

ನೈಟ್ರೋಜನ್ ಚೀಲ ತೆರೆದ ದಿನ ಮೂವರೇ ಇದ್ದೆವು: ನಾನು, ನೇಕಾರ ಹೆಂಗಸು, ಹುಬ್ಬಳ್ಳಿಯವನು. ಅವನು ದೂರದ ಪ್ರಯಾಣಕ್ಕೆಂದು ಹೊಸ ಪೆಟ್ಟಿಗೆ ಮಾಡಿದ್ದ, ಮೂಲೆಗಳನ್ನು ಕೈಯಿಂದಲೇ ಉಜ್ಜಿ ನುಣುಪು ಮಾಡಿದ್ದ. ಗಂಟನ್ನು ಒಳಗೆ ಕೂರಿಸಿದ ಮೇಲೆ ಆ ಹೆಂಗಸು ಪಕ್ಕದಲ್ಲಿ ಮಂಡಿಯೂರಿ ತನ್ನ ಕೆಚುವಾ ಭಾಷೆಯಲ್ಲಿ ಮಾತಾಡತೊಡಗಿದಳು. ಅದು ಪ್ರಾರ್ಥನೆಯಂತೆ ಕೇಳಿಸಲಿಲ್ಲ. ಬಸ್ಸು ಹತ್ತಿಸುವಾಗ ಮಕ್ಕಳಿಗೆ ಹೇಳುವ ಮಾತಿನ ಧಾಟಿಯಿತ್ತು.

ಎದ್ದಾಗ ಕೇಳಿದೆ, ಏನು ಹೇಳಿದಿರಿ ಎಂದು.

"ಯಾರು ಕರೆದುಕೊಂಡು ಹೋಗುತ್ತಾರೆ, ಯಾವ ಊರಿನಲ್ಲಿ ವಿಮಾನ ಬದಲಿಸುತ್ತಾರೆ, ಅಲ್ಲಿ ಯಾರು ಬಂದು ನಿಂತಿರುತ್ತಾರೆ, ಎಲ್ಲ ಹೇಳಿದೆ. ಇಲ್ಲಿಗೆ ತಂದಾಗ ಯಾರೂ ಹೇಳಿರಲಿಲ್ಲವಲ್ಲ."

ಮುಚ್ಚಳ ಇಟ್ಟು ಸ್ಕ್ರೂ ಬಿಗಿಯಬೇಕಿತ್ತು. ಹುಬ್ಬಳ್ಳಿಯವನು ಡ್ರಿಲ್ ಎತ್ತಿಕೊಂಡು ಎಂದಿನಂತೆ ನನ್ನ ಅಪ್ಪಣೆಗೆ ಕಾದ. ಹಾಕು ಎಂದು ಹೇಳಬೇಕಾದವಳು ಹೇಳಲಿಲ್ಲ. ಕೈಗವಸು ಸರಿಮಾಡಿಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿದೆ. ನನಗೆ ಕೆಚುವಾ ಬರುವುದಿಲ್ಲ. ಬರುವ ಭಾಷೆಯಲ್ಲೇ ಹೇಳಿದೆ:

"ಈಗ ಮುಚ್ಚಳ ಹಾಕ್ತೀವಿ ಮಗು. ಸ್ವಲ್ಪ ಸದ್ದಾಗುತ್ತೆ. ಹೆದರ್ಕೋಬೇಡ."